ಸಿನಿಮಾ ಮುಗಿದ ಮೇಲೆ ಬರುವ ಹಾಡು ಅಷ್ಟೊಂದು ತಟ್ಟುವುದು ಯಾಕೆ?

‘ಟೈಟಾನಿಕ್’ನ ‘ಮೈ ಹಾರ್ಟ್ ವಿಲ್ ಗೋ ಆನ್’ ಬಗ್ಗೆ ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಕಥೆ ಮುಗಿದು, ತೆರೆ ಮೇಲೆ ಹೆಸರುಗಳು ಓಡುವಾಗ ಬರುವ ಹಾಡಿಗೆ ಜನ ಎದ್ದು ಹೋಗದೆ ಕೂತು ಅಳುವುದು ಯಾಕೆ ಅಂತ.

ನನಗನ್ನಿಸುವುದು ಇಷ್ಟು: ಹಾಡು ಶುರುವಾಗುವ ಹೊತ್ತಿಗೆ ಆ ರಾಗ ನಮಗೆ ಆಗಲೇ ಪರಿಚಯ. ಸಂಗೀತ ನಿರ್ದೇಶಕ ಜೇಮ್ಸ್ ಹಾರ್ನರ್ ಮೂರು ಗಂಟೆಗೂ ಜಾಸ್ತಿ ಉದ್ದದ ಸಿನಿಮಾದಲ್ಲಿ ಅದನ್ನು ಮತ್ತೆ ಮತ್ತೆ ತರುತ್ತಾರೆ, ಸಾಹಿತ್ಯವಿಲ್ಲದೆ. ನಾಯಕ ಜ್ಯಾಕ್ ನಾಯಕಿ ರೋಸ್‌ಳ ಚಿತ್ರ ಬಿಡಿಸುವ ದೃಶ್ಯವನ್ನು ಇನ್ನೊಮ್ಮೆ ಹಾಕಿ, ಕಣ್ಣು ಮುಚ್ಚಿ ಕೇಳಿ. ಬರೀ ಪಿಯಾನೊ. ನುಡಿಸಿದ್ದು ಸ್ವತಃ ಹಾರ್ನರ್. ತಾಳದ ಹಂಗಿಲ್ಲದೆ, ತಡೆದು ತಡೆದು ಬರುವ ಆ ಸ್ವರಗಳು ಇದೇ ಹಾಡಿನವು. ಹಡಗಿನ ಮುಂತುದಿಯಲ್ಲಿ ಇಬ್ಬರೂ ಕೈ ಚಾಚಿ ನಿಂತಾಗಲೂ ಅದೇ ರಾಗ. ಕೊನೆಗೆ ಅದಕ್ಕೆ ಮಾತು ಕೂಡಿದಾಗ ಇಡೀ ಸಿನಿಮಾ ಒಟ್ಟಿಗೆ ನೆನಪಾಗುತ್ತದೆ, ಅಲ್ವಾ?

ನಿರ್ದೇಶಕ ಜೇಮ್ಸ್ ಕ್ಯಾಮರೂನ್‌ಗೆ ಕೊನೆಯಲ್ಲಿ ಹಾಡು ಬೇಕಿರಲಿಲ್ಲ. ಕ್ಯಾಮರೂನ್‌ಗೆ ಹೇಳದೆಯೇ ಹಾರ್ನರ್ ವಿಲ್ ಜೆನ್ನಿಂಗ್ಸ್ ಕೈಲಿ ಸಾಹಿತ್ಯ ಬರೆಸಿದರು. ಗಾಯಕಿ ಸೆಲೀನ್ ಡಿಯಾನ್‌ಗೂ ಮೊದಲು ಹಾಡಲು ಮನಸ್ಸಿರಲಿಲ್ಲ. ಪತಿ ರೆನೆ ಆಂಜೆಲಿಲ್ ಒಪ್ಪಿಸಿದ ಮೇಲೆ ಡೆಮೊ, ಅಂದರೆ ಮಾದರಿ ಧ್ವನಿಮುದ್ರಣಕ್ಕೆ ಹಾಡಿದರು. ಕ್ಯಾಮರೂನ್ ಒಳ್ಳೆ ಮೂಡಿನಲ್ಲಿ ಇರುವ ದಿನಕ್ಕಾಗಿ ಹಾರ್ನರ್ ಕಾದು ಅದನ್ನು ಕೇಳಿಸಿದರು. 1998ರಲ್ಲಿ ಹಾಡಿಗೆ ಆಸ್ಕರ್ ಬಂತು.

ಸಾಹಿತ್ಯದಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಅದರಲ್ಲಿ ಹಡಗಿಲ್ಲ, ಸಮುದ್ರವಿಲ್ಲ, ಮಂಜುಗಡ್ಡೆಯೂ ಇಲ್ಲ. ತುಂಬಾ ವಯಸ್ಸಾದವರೊಬ್ಬರು ಎಷ್ಟೋ ವರ್ಷದ ಹಿಂದಿನ ಪ್ರೀತಿಯನ್ನು ನೆನೆಯುವ ಹಾಗೆ ಜೆನ್ನಿಂಗ್ಸ್ ಬರೆದಿದ್ದಾರೆ. ಹಾಗಾಗಿ ಸಿನಿಮಾ ನೋಡದವರಿಗೂ ಅದು ಸ್ವಂತದ್ದಾಗುತ್ತದೆ.

ಇನ್ನು ಆ ಶ್ರುತಿ ಬದಲಾವಣೆ. ಇಂಥ ಹಾಡುಗಳಲ್ಲಿ ಕೊನೆಗೆ ಶ್ರುತಿ ಏರಿಸುವುದು ಮಾಮೂಲು. ಕೀಬೋರ್ಡಿನಲ್ಲಿ ಕಪ್ಪು, ಬಿಳಿ ಎರಡನ್ನೂ ಸೇರಿಸಿ ಎಣಿಸಿದರೆ ಒಂದು ಮನೆ, ಹೆಚ್ಚೆಂದರೆ ಎರಡು ಮನೆ. ಇಲ್ಲಿ ಒಂದೇ ಸಲಕ್ಕೆ ನಾಲ್ಕು ಮನೆ ಮೇಲಕ್ಕೆ! ಅದುವರೆಗೆ ಮೆತ್ತಗೆ, ತಡೆದು ಹಾಡುತ್ತಿದ್ದ ಸೆಲೀನ್ ಅಲ್ಲಿ ಪೂರ್ತಿ ದನಿ ತೆಗೆಯುತ್ತಾರೆ. ಆ ಸಂಯಮ ಮೊದಲು ಇಲ್ಲದಿದ್ದರೆ ಈ ಏರಿಕೆ ಬರೀ ಜೋರಾಗಿ ಕೇಳುತ್ತಿತ್ತು.

ಸಿನಿಮಾದ ಸಂಭಾಷಣೆ ನಡುನಡುವೆ ಸೇರಿಸಿದ ಒಂದು ಆವೃತ್ತಿಯೂ ಇದೆ. ದಯವಿಟ್ಟು ಅದರಿಂದ ಶುರು ಮಾಡಬೇಡಿ. ಮೊದಲು ಆ ಪಿಯಾನೊ ಕೇಳಿ, ಆಮೇಲೆ ಹಾಡು.