ಓದುಗರ ಪ್ರಶ್ನೆ: ಕದ್ದ ಕೇಬಲ್ ಕೊಂಡವರು ಯಾರು?

ಹೋದ ಸಂಚಿಕೆಯಲ್ಲಿ ಬೋರ್‌ವೆಲ್ ಕೇಬಲ್ ಕಳವಿನ ಬಗ್ಗೆ, ಕದ್ದದ್ದನ್ನು ಕೊಳ್ಳುವ ಗುಜರಿಯವರನ್ನು ಬೈದು, ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳ ರಾಶಿ ನೋಡಿದರೆ ತೆಂಗಿನ ನುಸಿ ರೋಗದ ಪ್ರಶ್ನೆಗೂ ಇಷ್ಟು ಬಂದಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಪುಟ ಗುಜರಿಗೇ. ಬೇರೆ ಪ್ರಶ್ನೆ ಕಳಿಸಿದವರು ಒಂದು ಸಂಚಿಕೆ ತಡೆದುಕೊಳ್ಳಿ.

ಸಾರ್, ಒಂದೇ ವರ್ಷದಲ್ಲಿ ಮೂರು ಸಲ ನಮ್ಮ ಬೋರ್ ಕೇಬಲ್ ಕತ್ತರಿಸಿಕೊಂಡು ಹೋದರು. ದೂರು ಕೊಡೋಕೆ ಹೋದರೆ 'ಸಿಕ್ಕಿದರೆ ಹೇಳ್ತೀವಿ' ಅಂದರು. ಕದ್ದವನು ಅದನ್ನೇನು ತಿಂತಾನಾ? ಯಾವುದೋ ಗುಜರಿಗೇ ತಾನೇ ಹಾಕೋದು? ಅವರನ್ನು ಯಾಕೆ ಹಿಡಿಯಲ್ಲ?
— ತೆಂಗು ಬೆಳೆಗಾರ, ತಿಪಟೂರು ತಾಲ್ಲೂಕು

ಮೊದಲು ಕಳ್ಳನ ಲೆಕ್ಕ ನೋಡೋಣ. ಸಬ್‌ಮರ್ಸಿಬಲ್ ಮೋಟಾರಿನ ಚಪ್ಪಟೆ ಕೇಬಲ್ಲಿನಲ್ಲಿ ಮೂರು ಎಳೆ. ಒಂದೊಂದು 4 ಚದರ ಮಿಲಿಮೀಟರ್‌ನದು ಅಂತಿಟ್ಟುಕೊಳ್ಳಿ. 100 ಮೀಟರ್ ಕೇಬಲ್ಲಿನಲ್ಲಿ ಹತ್ತಿರ ಹತ್ತಿರ 11 ಕೆಜಿ ತಾಮ್ರ ಇರುತ್ತದೆ. ಬೋರ್ ಒಳಗಿರುವುದನ್ನು ಎಳೆಯುವಷ್ಟು ಪುರುಸೊತ್ತು ಅವನಿಗಿಲ್ಲ. ಸ್ಟಾರ್ಟರ್ ಪೆಟ್ಟಿಗೆಯಿಂದ ಬೋರ್ ಬಾಯಿವರೆಗೆ 30 ಮೀಟರ್ ಕತ್ತರಿಸಿದರೆ ಸಾಕು, 3 ಕೆಜಿಗೆ ಮೋಸವಿಲ್ಲ. ಯಾವುದೋ ಹಳ್ಳದಲ್ಲಿ ಸಿಪ್ಪೆ ಸುಟ್ಟು, ಕಪ್ಪಗಾದ ಸುರುಳಿಯನ್ನು ಗೋಣಿಚೀಲಕ್ಕೆ ತುಂಬಿ, ಬೆಳಗ್ಗೆ ಅಂಗಡಿ ಬಾಗಿಲು ತೆರೆಯುವಷ್ಟರಲ್ಲಿ ತಕ್ಕಡಿ ಮೇಲಿಟ್ಟರೆ ಹತ್ತು ನಿಮಿಷದಲ್ಲಿ ಕೈಗೆ ರೊಕ್ಕ. ಅವನಿಗೆ ಸಿಗುವುದು ಎರಡು ಮೂರು ಸಾವಿರ. ನಿಮಗೆ ಹೊಸ ಕೇಬಲ್, ಜಾಯಿಂಟ್, ಕೂಲಿ, ಮೇಲೆ ನಾಲ್ಕು ದಿನ ಒಣಗಿದ ತೋಟ.

ಇನ್ನೊಂದು ಗಮನಿಸಿ. ಕೇಬಲ್ ಮೇಲೆ ಕಂಪನಿ ಹೆಸರು, ಅಳತೆ ಎಲ್ಲಾ ಅಚ್ಚಾಗಿರುತ್ತದೆ ನಿಜ, ಆದರೆ ಅದಿರುವುದು ಸಿಪ್ಪೆ ಮೇಲೆ. ಸಿಪ್ಪೆ ಸುಟ್ಟ ಮೇಲೆ ನಿಮ್ಮ ತಾಮ್ರ ಯಾವುದು, ಪಕ್ಕದ ಹಳ್ಳಿಯವನದು ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅಲ್ಲಿಂದ ಮುಂದೆ ದೊಡ್ಡ ವ್ಯಾಪಾರಿ, ಆಮೇಲೆ ಕುಲುಮೆ. ಹಿಡಿಯುವುದಿದ್ದರೆ ಆ ಮೊದಲ ತಕ್ಕಡಿ ಹತ್ತಿರವೇ ಹಿಡಿಯಬೇಕು.

ಕಾನೂನು ಇಲ್ಲವೇ ಅಂದರೆ, ಇದೆ. ಹಳೇ ಐಪಿಸಿಯ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಕಳವು ಮಾಲು ಎಂದು ಗೊತ್ತಿದ್ದೂ, ಇಲ್ಲವೇ ಹಾಗೆ ನಂಬಲು ಕಾರಣವಿದ್ದೂ ಕೊಂಡವನಿಗೆ 3 ವರ್ಷದವರೆಗೆ ಜೈಲು, ಅದನ್ನೇ ಕಸುಬು ಮಾಡಿಕೊಂಡವನಿಗೆ ಜೀವಾವಧಿವರೆಗೂ ಶಿಕ್ಷೆ ಇದೆ. ಕಂಬದ ತಂತಿ ಕದ್ದವನಿಗೂ ಅದನ್ನು ಕೊಂಡವನಿಗೂ 2003ರ ವಿದ್ಯುತ್ ಕಾಯ್ದೆಯಲ್ಲಿ ಬೇರೆ ಬೇರೆ ಸೆಕ್ಷನ್‌ಗಳೇ ಇವೆ. ತೊಡಕಿರುವುದು ಆ 'ಗೊತ್ತಿದ್ದೂ' ಅನ್ನುವುದನ್ನು ತೋರಿಸುವುದರಲ್ಲಿ. 'ನನಗೇನು ಗೊತ್ತು ಸ್ವಾಮಿ, ಯಾರೋ ತಂದರು, ತೂಕ ಹಾಕಿದೆ' ಅಂದುಬಿಟ್ಟರೆ ಸುಳ್ಳು ಅಂತ ಪೊಲೀಸರು ಸಾಬೀತು ಮಾಡಬೇಕು. ಪುಸ್ತಕವಿಲ್ಲ, ಬಿಲ್ಲಿಲ್ಲ, ಹೆಸರಿಲ್ಲ. ಏನಿಟ್ಟುಕೊಂಡು ಸಾಬೀತು ಮಾಡುತ್ತಾರೆ?

ರೈಲ್ವೆಯವರು ಮಾತ್ರ ಜಾಣರು. ಅವರಿಗೆ 1966ರಿಂದಲೇ ಬೇರೆ ಕಾಯ್ದೆ ಇದೆ. ಕದ್ದದ್ದು ಅನ್ನುವ ಅನುಮಾನ ಬರುವಂಥ ರೈಲ್ವೆ ಸಾಮಾನು ನಿಮ್ಮ ಹತ್ತಿರ ಸಿಕ್ಕಿದರೆ, ಅದು ನ್ಯಾಯವಾಗಿ ಬಂತು ಅಂತ ನೀವೇ ತೋರಿಸಬೇಕು. ಮೊದಲ ಸಲಕ್ಕೇ 5 ವರ್ಷದವರೆಗೆ ಶಿಕ್ಷೆ ಆಗಬಹುದು. ರೈತನ ಕೇಬಲ್ಲಿಗೆ ಆ ಭಾಗ್ಯ ಇಲ್ಲ ನೋಡಿ.

ಸದ್ಯಕ್ಕೆ ನೀವು ಮಾಡಬೇಕಾದ್ದು: ಬಾಯಿಮಾತಿನ ದೂರು ಬೇಡ, ಬರೆದು ಕೊಡಿ, ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ಅದು ಉಚಿತ, ಅದು ನಿಮ್ಮ ಹಕ್ಕು. ಮೂರು ಕಳವಿಗೂ ಪ್ರತ್ಯೇಕ ದೂರು ಇರಲಿ.

ನಮ್ಮಪ್ಪನ ಕಾಲದಿಂದ ಗುಜರಿ ಅಂಗಡಿ ಇದೆ. ಊರಲ್ಲಿ ಏನು ಕಳವಾದರೂ ಮೊದಲು ನಮ್ಮ ಅಂಗಡಿಗೇ ಜೀಪು ಬರುತ್ತದೆ. ದಿನಕ್ಕೆ ಐವತ್ತು ಜನ ಸಾಮಾನು ತರುತ್ತಾರೆ, ಯಾರ ಹಣೆ ಮೇಲೆ ಕಳ್ಳ ಅಂತ ಬರೆದಿರುತ್ತೆ? ನೀವೂ ನಮ್ಮನ್ನೇ ಬೈದಿದ್ದು ಬೇಜಾರಾಯಿತು.
— ಗುಜರಿ ವ್ಯಾಪಾರಿ, ದಾವಣಗೆರೆ

ನಿಮ್ಮ ಬೇಜಾರು ನ್ಯಾಯವೇ. ನಿಮ್ಮಂಥವರು ಇಲ್ಲದಿದ್ದರೆ ಊರು ತುಕ್ಕಿನಲ್ಲೇ ಮುಳುಗುತ್ತಿತ್ತು.

ಆದರೂ ಒಂದು ಮಾತು. ನಿಮ್ಮ ಪತ್ರ ಬಂದ ಮೇಲೆ ನಮ್ಮ ಬಡಾವಣೆಯ ಗುಜರಿ ಅಂಗಡಿಯಲ್ಲಿ ಅರ್ಧ ದಿನ ಸುಮ್ನೆ ಕೂತಿದ್ದೆ. ಒಬ್ಬ ಹೆಂಗಸು ತೂತಾದ ಅಲ್ಯೂಮಿನಿಯಂ ಪಾತ್ರೆ ತಂದರು, ಮಾಲೀಕರು ಎತ್ತಿ ನೋಡಿ, ಸೀಸ ಸೇರಿಸಿದ್ದಾರಾ ಅಂತ ತಟ್ಟಿ, ಅಯಸ್ಕಾಂತ ತಾಗಿಸಿ, ಹಿಡಿಯಲ್ಲಿದ್ದ ಕಬ್ಬಿಣದ ರಿವೆಟ್ಟಿಗೆ ನೂರು ಗ್ರಾಂ ಕಳೆದು ದುಡ್ಡು ಕೊಟ್ಟರು. ಅವರ ಕಣ್ಣು ಅಷ್ಟು ಚುರುಕು! ಸ್ವಲ್ಪ ಹೊತ್ತಿಗೆ ಬೈಕಿನಲ್ಲಿ ಇಬ್ಬರು ಹುಡುಗರು ಬಂದರು. ಚೀಲದಲ್ಲಿ ಸುಟ್ಟ ತಂತಿ, ಇನ್ನೂ ಹೊಗೆ ವಾಸನೆ ಹೋಗಿರಲಿಲ್ಲ. ಆಗ ಮಾತ್ರ ಆ ಕಣ್ಣಿಗೆ ಏನೂ ಕಾಣಲಿಲ್ಲ. ಡೈರಿಯಲ್ಲಿ ಬರೆದುಕೊಂಡದ್ದು 'ಮಿಕ್ಸ್ 6 ಕೆಜಿ' ಅಂತ.

ಹಣೆ ಮೇಲೆ ಬರೆದಿರುವುದಿಲ್ಲ, ಸರಿ. ಚೀಲದಲ್ಲಿ ಬರೆದಿರುತ್ತೆ ಅಲ್ವಾ? ಸುಟ್ಟ ಕೇಬಲ್, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಒಳಗಿನ ಸುತ್ತು ತಂತಿ, ಕತ್ತರಿಸಿದ ರಸ್ತೆ ರೇಲಿಂಗು, ಗಂಟೆ ಕಿತ್ತ ದೇವಸ್ಥಾನದ ಹಿತ್ತಾಳೆ ಸರಪಳಿ, ವ್ಯಾನಿನಿಂದ ಗರಗಸದಲ್ಲಿ ಕೊಯ್ದ ಸೈಲೆನ್ಸರ್ (ಅದರೊಳಗೆ ಪ್ಲಾಟಿನಂ ಜಾತಿಯ ಲೋಹ ಇರುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು). ಇವಕ್ಕೆ ಮಾತ್ರ ಒಂದು ಪುಸ್ತಕ ಇಡಿ. ತಂದವನ ಹೆಸರು, ಗುರುತಿನ ಚೀಟಿಯ ಫೋಟೊ, ಗಾಡಿ ನಂಬರು, ತಾರೀಖು. ದುಡ್ಡು ಫೋನ್‌ಪೇ ಮಾಡಿ. ನಾಳೆ ಜೀಪು ಬಂದಾಗ ನಿಮ್ಮನ್ನು ಕಾಯುವುದು ಆ ಪುಸ್ತಕವೇ. ಗುರುತಿನ ಚೀಟಿ ಕೇಳಿದ ತಕ್ಷಣ 'ಆಮೇಲೆ ಬರ್ತೀನಿ' ಅಂತ ಚೀಲ ಎತ್ತಿಕೊಂಡವನು ಯಾರು ಅಂತ ನಾನು ಹೇಳಬೇಕಿಲ್ಲ.

ನಾನು ಹನ್ನೆರಡು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಹಳೇ ಬಾಯ್ಲರ್ ಗುಜರಿಗೆ ಹಾಕೋಕೆ ಹೋದರೆ ಐಡಿ ಕೇಳಿದರು, ದುಡ್ಡು ಬ್ಯಾಂಕಿಗೇ ಹಾಕಿದರು. ಇಷ್ಟು ಸುಲಭದ ಕೆಲಸ ನಮ್ಮೂರಲ್ಲಿ ಯಾಕಾಗಲ್ಲ?
— ಮೈಸೂರಿನವರು, ಈಗ ಲೆಸ್ಟರ್

ಅಲ್ಲೂ ಸುಲಭಕ್ಕೆ ಆಗಲಿಲ್ಲ. 2005ರ ಡಿಸೆಂಬರಿನಲ್ಲಿ ಹರ್ಟ್‌ಫರ್ಡ್‌ಶೈರ್‌ನ ಹೆನ್ರಿ ಮೂರ್ ಪ್ರತಿಷ್ಠಾನದ ಆವರಣದಿಂದ ಆ ಶಿಲ್ಪಿಯ ಒಂದು ಕಂಚಿನ ಶಿಲ್ಪವನ್ನು ಕ್ರೇನ್ ಇದ್ದ ಲಾರಿ ತಂದು ಎತ್ತಿಕೊಂಡು ಹೋದರು. ತೂಕ 2 ಟನ್ನಿಗೂ ಜಾಸ್ತಿ, ಬೆಲೆ ಸುಮಾರು 30 ಲಕ್ಷ ಪೌಂಡ್. ಕೊನೆಗೆ ಪೊಲೀಸರು ಬಂದ ತೀರ್ಮಾನ ಏನು ಗೊತ್ತಾ? ಅದನ್ನು ಕತ್ತರಿಸಿ ಗುಜರಿಗೆ ಹಾಕಿದ್ದಾರೆ, ಸಿಕ್ಕಿದ್ದು ಹೆಚ್ಚೆಂದರೆ 1,500 ಪೌಂಡ್. ಆಮೇಲಿನ ವರ್ಷಗಳಲ್ಲಿ ಚರ್ಚಿನ ಚಾವಣಿಯ ಸೀಸದ ಹಾಳೆ, ರೈಲು ಸಿಗ್ನಲ್ಲಿನ ಕೇಬಲ್, ಯುದ್ಧದಲ್ಲಿ ಸತ್ತವರ ಹೆಸರಿದ್ದ ಕಂಚಿನ ಫಲಕಗಳು ಸಹ ಹೋದವು. ಜನ ರೊಚ್ಚಿಗೆದ್ದದ್ದು ಆ ಫಲಕಗಳಿಗೇ.

ನೆನಪಿಡಿ, ಆಗಲೂ ಅಲ್ಲಿ ಗುಜರಿ ಕಾನೂನು ಇತ್ತು, 1964ರದ್ದು. ನೋಂದಣಿ ಮಾಡಿಸಬೇಕು, ಪುಸ್ತಕ ಇಡಬೇಕು ಅಂತೆಲ್ಲಾ ಇತ್ತು. ಆದರೆ ಕೈಗೆ ನಗದು ಕೊಡುವುದಕ್ಕೆ ಅಡ್ಡಿ ಇರಲಿಲ್ಲ. ಬಾಯಿಗೆ ಬಂದ ಹೆಸರು ಹೇಳಿ ದುಡ್ಡು ಎಣಿಸಿಕೊಂಡು ಹೋದರೆ ಕೇಳುವವರಿಲ್ಲ. 2012ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಗದು ನಿಷೇಧವಾಯಿತು. 2013ರ ಅಕ್ಟೋಬರಿನಿಂದ ಹೊಸ ಕಾಯ್ದೆ ಜಾರಿಯಾಯಿತು: ಸ್ಥಳೀಯ ಕೌನ್ಸಿಲ್ಲಿನಿಂದ 3 ವರ್ಷದ ಲೈಸೆನ್ಸ್, ಮಾರುವವನ ಹೆಸರು ವಿಳಾಸ ಪರಿಶೀಲನೆ, 3 ವರ್ಷ ದಾಖಲೆ, ತಪ್ಪು ಮಾಡಿದರೆ ಲೈಸೆನ್ಸ್ ರದ್ದು. ಮನೆ ಮನೆ ಸುತ್ತಿ ಕೊಳ್ಳುವವರಿಗೂ ಬೇರೆ ಲೈಸೆನ್ಸ್ ಇದೆ. ಸ್ಕಾಟ್ಲೆಂಡ್ ನಗದು ನಿಲ್ಲಿಸಿದ್ದು 2016ರಲ್ಲಿ.

ಕಳವು ಇಳಿಯಿತು. ಅದೇ ಹೊತ್ತಿಗೆ ಲೋಹದ ದರವೂ ಇಳಿದಿತ್ತು, ಹಾಗಾಗಿ ಎಲ್ಲಾ ಪುಣ್ಯವನ್ನೂ ಕಾಯ್ದೆಗೇ ಕೊಡಲು ಆಗುವುದಿಲ್ಲ. ಚರ್ಚಿನ ಸೀಸ ಈಗಲೂ ಹೋಗುತ್ತಿರುತ್ತದೆ. ಆದರೂ ನಾನು ಆ ಕಾಯ್ದೆಯ ಪರ. ಕಳ್ಳನಿಗೆ ಬೇಕಾದ್ದು ಇವತ್ತಿನ ರಾತ್ರಿಗೆ ದುಡ್ಡು, ಅವನ ಹೆಸರಿನ ಖಾತೆಗೆ ಜಮಾ ಆಗುವ ದುಡ್ಡು ಅವನಿಗೆ ಬೇಡ.

ನಮ್ಮಲ್ಲಿ ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವ್ಯಾಪಾರಿ ಅದನ್ನು ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸಲು ಬರುವುದಿಲ್ಲ. ತಿಪಟೂರಿನ 3 ಕೆಜಿ ತಾಮ್ರ ಆ ಬೇಲಿಯ ಕೆಳಗೇ ಆರಾಮಾಗಿ ನುಸುಳಿ ಹೋಗುತ್ತದೆ.

2024ರಲ್ಲಿ ಗುಜರಿ ಲೋಹಕ್ಕೆ ಜಿಎಸ್‌ಟಿ ಬಿಗಿ ಮಾಡಿದರಲ್ಲ, ಅದರಿಂದ ಕಳವು ಕಡಿಮೆ ಆಗಲ್ವಾ?
— ಲೆಕ್ಕಪತ್ರ ಬರೆಯುವವರು, ಬೆಳಗಾವಿ

ಅದು ತೆರಿಗೆ ಕದಿಯುವವರಿಗೆ ಹಾಕಿದ ಬಲೆ. ಆ ಅಕ್ಟೋಬರ್ 10ರಿಂದ ನೋಂದಾಯಿತ ವ್ಯಾಪಾರಿ, ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ 18% ತೆರಿಗೆಯನ್ನು ತಾನೇ ಕಟ್ಟಬೇಕು, ಖರೀದಿಗೂ ತಾನೇ ಬಿಲ್ ಮಾಡಬೇಕು. ಒಳ್ಳೆಯದೇ. ಆದರೆ ಕೇಬಲ್ ಕಳ್ಳ ಹೋಗುವುದು ನೋಂದಣಿಯೇ ಇಲ್ಲದ ಶೀಟು ಅಂಗಡಿಗೆ.

ಎಲ್ಲದಕ್ಕೂ ಲೈಸೆನ್ಸು, ಆಧಾರ್ ಅಂದರೆ ತಳ್ಳುಗಾಡಿಯವರ, ಚಿಂದಿ ಆಯುವವರ ಗತಿ ಏನು? ಕೊನೆಗೆ ಬಡವರ ಮೇಲೇ ಅಲ್ವಾ ಲಾಠಿ ಬೀಳೋದು?
— ಕಾಲೇಜು ವಿದ್ಯಾರ್ಥಿನಿ, ಹುಬ್ಬಳ್ಳಿ

ಈ ಪುಟಕ್ಕೆ ಬಂದ ಪ್ರಶ್ನೆಗಳಲ್ಲಿ ಇದೇ ಕಷ್ಟದ್ದು ತಂಗಿ. 'ಹಳೇ ಪೇಪರ್, ಹಳೇ ಕಬ್ಬಿಣ' ಅಂತ ಕೂಗುತ್ತಾ ಬಿಸಿಲಲ್ಲಿ ಗಾಡಿ ತಳ್ಳುವವನಿಗೆ ಫಾರ್ಮು ತುಂಬಿಸುವ ಕಾನೂನು ಬಂದರೆ ನಾನೂ ವಿರೋಧಿಸುತ್ತೇನೆ. ಪೇಪರ್, ಬಾಟಲಿ, ಪ್ಲಾಸ್ಟಿಕ್, ಮನೆಯ ತಗಡು, ಇವನ್ನು ಮುಟ್ಟಲೇಬಾರದು. ಬಿಗಿ ಬೇಕಾಗಿರುವುದು ತಾಮ್ರ, ಹಿತ್ತಾಳೆ, ಸೀಸ, ಅಲ್ಯೂಮಿನಿಯಂ ತಂತಿಗೆ. ಅದೂ ಕೊಳ್ಳುವ ಅಂಗಡಿಯವನ ಮೇಲೆ. ಬೆಂಗಳೂರಿನಲ್ಲಿ ಪಾಲಿಕೆಯೇ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತ್ತು. ಅಂಥ ಚೀಟಿ ಇದ್ದವರನ್ನು ಕಳ್ಳ ಅಂತ ನಿಲ್ಲಿಸಿಕೊಳ್ಳುವುದು ಸ್ವಲ್ಪವಾದರೂ ಕಷ್ಟವಾಗುತ್ತದೆ.

ನಮ್ಮ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಮತ್ತೆ ಕಾಣೆ!
— ಬೆಂಗಳೂರು

ಎರಕದ ಕಬ್ಬಿಣದ್ದನ್ನೇ ಮತ್ತೆ ಹಾಕಿಸಬೇಡಿ. ಕಾಂಕ್ರೀಟಿನದೋ ಫೈಬರಿನದೋ ಕೇಳಿ. ಗುಜರಿಯಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಅಲ್ಲಿಯವರೆಗೆ ಒಂದು ಮರದ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿ.

ರಾಜ್ಯ ಮಟ್ಟದ ಕಾನೂನು ಬರುವಾಗ ಬರಲಿ. ಪಂಚಾಯಿತಿ ಮಟ್ಟದಲ್ಲಿ ನಾವೇನು ಮಾಡಬಹುದು?
— ಗ್ರಾಮ ಪಂಚಾಯಿತಿ ಸದಸ್ಯೆ, ಚಿತ್ರದುರ್ಗ ಜಿಲ್ಲೆ

ಬರಲೇಬೇಕು ಅನ್ನುವುದಕ್ಕೆ ನಮ್ಮಲ್ಲೇ ಮಾದರಿ ಇದೆ ಮೇಡಂ. ಹಳೇ ವಾಹನ ಒಡೆಯುವ ನೋಂದಾಯಿತ ಕೇಂದ್ರಗಳಿಗೆ 2021ರಲ್ಲಿ ಕೇಂದ್ರದ ನಿಯಮ ಬಂತು. ಗಾಡಿ ಕಳವಿನದೋ ಅಲ್ಲವೋ ಅಂತ ಪೊಲೀಸ್ ದಾಖಲೆ ನೋಡದೆ ಅಲ್ಲಿ ಒಡೆಯುವಂತಿಲ್ಲ. ಗಾಡಿಗೆ ಆಗುವುದು ತಾಮ್ರಕ್ಕೆ ಯಾಕಾಗಬಾರದು?

ನಿಮ್ಮ ಕೈಯಲ್ಲಿರುವುದು ಇಷ್ಟು. ನಿಮ್ಮ ವ್ಯಾಪ್ತಿಯ ಗುಜರಿ ಅಂಗಡಿಗಳು ಎಷ್ಟು, ಉದ್ದಿಮೆ ಪರವಾನಗಿ ಎಷ್ಟಕ್ಕಿದೆ ಅಂತ ಪಟ್ಟಿ ಮಾಡಿಸಿ. ಪಟ್ಟಿ ಆಗುವಷ್ಟರಲ್ಲೇ ಒಂದೆರಡು ಶೀಟು ಅಂಗಡಿ ತಾವಾಗಿಯೇ ಜಾಗ ಖಾಲಿ ಮಾಡಿದರೆ ಆಶ್ಚರ್ಯವಿಲ್ಲ. ಆಮೇಲೆ ಲೈನ್‌ಮನ್, ಬೀಟ್ ಪೊಲೀಸ್, ನಾಲ್ಕು ರೈತರು, ಗುಜರಿಯವರು, ಎಲ್ಲರನ್ನೂ ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿ. ಗುಜರಿಯವರನ್ನು ಬಿಡಬೇಡಿ, ಅವರೇ ಮುಖ್ಯ. ಕೇಬಲ್ ಹೋದ ಬೆಳಗ್ಗೆಯೇ, ಅಂಗಡಿ ತೆರೆಯುವ ಮೊದಲೇ, ಯಾವ ಕಂಪನಿ, ಎಷ್ಟು ಮೀಟರ್ ಅಂತ ಅದರಲ್ಲಿ ಬೀಳಲಿ. ಕಂಬದ ಕಡೆ ಉಳಿದ ಕೇಬಲ್ಲಿನ ತುದಿಯನ್ನು ರೈತರು ಬಿಸಾಡದಿರಲಿ. ಸುಡದೆ ತಂದ ಮಾಲು ಸಿಕ್ಕಿದರೆ ಎರಡೂ ತುದಿ ಜೋಡಿಸಿ ನೋಡಬಹುದು.