ಸಕ್ಕರೆ ಕಾಯಿಲೆಯ ಪಥ್ಯದಲ್ಲೂ ತೂಕ ಇಳಿಸುವುದರಲ್ಲೂ ದಿನನಿತ್ಯದ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ?

"ಪ್ರತಿ ಸಲವೂ ಜೋರಾಗಿ ಶುರು ಮಾಡುತ್ತೇನೆ, ಮೂರು ವಾರಕ್ಕೆ ಬಿಟ್ಟುಬಿಡುತ್ತೇನೆ" ಎಂದು ನೀವು ಬರೆದಿರುವ ಸಾಲನ್ನು ಓದಿದಾಗ ಹಳೆಯ ನನ್ನನ್ನೇ ಯಾರೋ ತಂದು ಎದುರಿಗೆ ಕೂರಿಸಿದ ಹಾಗಾಯಿತು. ನಾನು ತಿಪಟೂರು ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವನು, ಈಗ ನಿವೃತ್ತ. 2011ರಲ್ಲಿ, ನನಗೆ ನಲವತ್ತೇಳು ತುಂಬಿದಾಗ, ಖಾಲಿ ಹೊಟ್ಟೆಯ ಸಕ್ಕರೆ 168, ಊಟವಾದ ಎರಡು ಗಂಟೆಯ ಮೇಲೆ 262 ಬಂದಿತು. ಎತ್ತರ ಐದೂವರೆ ಅಡಿ, ತೂಕ 86 ಕೆ.ಜಿ. ಅವ್ವನಿಗೂ ಈ ಕಾಯಿಲೆ ಇದ್ದುದರಿಂದ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಆದದ್ದು ಹುಮ್ಮಸ್ಸು. ಹೌದು, ಹುಮ್ಮಸ್ಸೇ. ಮಾರನೆಯ ದಿನವೇ ಬೂಟು ಕೊಂಡು ತಂದು, ಬೆಳಗಿನ ಐದು ಗಂಟೆಗೆ ಕೆರೆ ಏರಿಯ ಮೇಲೆ ಐದು ಕಿಲೋಮೀಟರು ನಡೆಯಲು ತೊಡಗಿದೆ; ಅನ್ನ ಬಿಟ್ಟೆ, ಕಾಫಿಗೆ ಸಕ್ಕರೆ ಬಿಟ್ಟೆ, ಮೂರು ತಿಂಗಳಲ್ಲಿ ಆರು ಕೆ.ಜಿ. ಇಳಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ "ಮೇಷ್ಟ್ರು ಹುಡುಗನ ಹಾಗಾಗಿದ್ದಾರೆ" ಎಂದರು. ಮಳೆಗಾಲ ಹಿಡಿಯಿತು, ಏರಿಯ ಮೇಲೆ ಕೆಸರಾಯಿತು, ಆರು ಕೆ.ಜಿ. ದಸರಾ ರಜೆ ಮುಗಿಯುವಷ್ಟರಲ್ಲಿ ವಾಪಸು ಬಂದಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನಿಮ್ಮಲ್ಲಿ ಉತ್ಸಾಹ ಕಡಿಮೆಯಾಗಿಲ್ಲ. ನೀವೇ ಬರೆದಿರುವಂತೆ, ಕಾಯಿಲೆ ಗೊತ್ತಾದ ಎರಡು ವರ್ಷದಲ್ಲಿ ಏಳು ಸಲ ಹೊಸದಾಗಿ ಶುರು ಮಾಡಿದವರಿಗೆ ಉತ್ಸಾಹವಿಲ್ಲ ಎಂದು ಯಾರು ಹೇಳಿಯಾರು? ನನ್ನನ್ನು ಕೆಡಿಸಿದ್ದೇ ಉತ್ಸಾಹ, ಅದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಬೇಕಿತ್ತು. ಲ್ಯಾಬಿಗೆ ಹೋಗುವ ದಿನ ನನಗೆ ಮೊದಲೇ ಗೊತ್ತಿರುತ್ತಿತ್ತು. ಅದಕ್ಕೆ ಸರಿಯಾಗಿ ಮೂರು ದಿನ ಮುಂಚೆ ನನ್ನ ಪಥ್ಯ ಆರಂಭವಾಗುತ್ತಿತ್ತು: ಮಧ್ಯಾಹ್ನ ಅರ್ಧ ಮುದ್ದೆ, ರಾತ್ರಿ ಒಂದೇ ಚಪಾತಿ, ಎರಡು ಸೌತೆಕಾಯಿ, ಬೆಳಿಗ್ಗೆ ಸಂಜೆ ನಡಿಗೆ. ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರೆ 112, 118, ಒಮ್ಮೆ 109 ಕೂಡ ಬಂದಿತ್ತು. ರಕ್ತ ಕೊಟ್ಟ ಕೈಗೆ ಒತ್ತಿ ಹಿಡಿದ ಹತ್ತಿಯನ್ನು ಬಿಸಾಡುವ ಮೊದಲೇ ನಾನು ಬಸ್ಸು ಹತ್ತಿ ಹತ್ತಿರದ ಕೆ.ಬಿ. ಕ್ರಾಸಿನ ಹೋಟೆಲಿನಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿಯ ಮುಂದೆ ಕುಳಿತಿರುತ್ತಿದ್ದೆ. ವೈದ್ಯರು ಚೀಟಿ ನೋಡಿ "ಪರವಾಗಿಲ್ಲ ಮೇಷ್ಟ್ರೇ, ಹೀಗೇ ಇಟ್ಟುಕೊಳ್ಳಿ" ಎನ್ನುತ್ತಿದ್ದರು. ಅವರನ್ನು ನಾನು ದೂರುವುದಿಲ್ಲ. ನಾನು ತೋರಿಸಿದ್ದನ್ನು ಅವರು ಓದಿದರು. ಚೀಟಿಯಲ್ಲಿ ಅವರು ಎಚ್‌ಬಿಎ1ಸಿ ಎಂಬ, ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಪರೀಕ್ಷೆಯನ್ನೂ ಬರೆಯುತ್ತಿದ್ದರು, ನಾನು "ಮುಂದಿನ ಸಲ ಮಾಡಿಸುತ್ತೇನೆ" ಎನ್ನುತ್ತಿದ್ದೆ. ದುಡ್ಡು ಜಾಸ್ತಿ ಎಂಬುದು ಮನೆಯವರಿಗೆ ಹೇಳುತ್ತಿದ್ದ ಕಾರಣ. ನಿಜವಾದ ಕಾರಣ ನನಗೊಬ್ಬನಿಗೇ ಗೊತ್ತಿತ್ತು: ಆ ಪರೀಕ್ಷೆಗೆ ಮೂರು ದಿನದ ತಯಾರಿ ಸಾಲದು.

ಇಲ್ಲಿ ನಾನು ಮಾಡಿದ ತಪ್ಪು ಎಂಥದ್ದು ನೋಡಿ. ಮೂವತ್ತು ವರ್ಷ ಮಕ್ಕಳಿಗೆ ಸರಾಸರಿ ಹೇಳಿಕೊಟ್ಟವನು ನಾನು. ತರಗತಿಯ ಮಟ್ಟ ಎಷ್ಟೆಂದು ಕೇಳಿದರೆ ಮೊದಲ ಬೆಂಚಿನ ಒಬ್ಬ ಹುಡುಗನ ಅಂಕವನ್ನು ತೋರಿಸಿ ಕುಳಿತುಕೊಳ್ಳುವ ಶಿಕ್ಷಕನನ್ನು ನಾನೇ ಗದರುತ್ತಿದ್ದೆ. ಆದರೆ ನನ್ನ ದೇಹದ ವಿಷಯದಲ್ಲಿ ನಾನು ಮಾಡಿದ್ದು ಅದನ್ನೇ. ದಿನದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಬೆಳಗಿನ ಏಳು ಗಂಟೆಯೆಂಬುದು ಅತ್ಯಂತ ದೀರ್ಘವಾದ ಉಪವಾಸದ ಕೊನೆಯ ಕ್ಷಣ. ಅದರ ಹಿಂದಿನ ರಾತ್ರಿ ನಾನು ತಿಂದದ್ದು ಒಂದು ಚಪಾತಿ. ರಾತ್ರಿಯಿಡೀ ಯಕೃತ್ತು ರಕ್ತಕ್ಕೆ ಬಿಡುವ ಸಕ್ಕರೆಯನ್ನು ತಡೆಯುವುದೇ ನಾನು ನುಂಗುತ್ತಿದ್ದ ಮೆಟ್‌ಫಾರ್ಮಿನ್ ಮಾತ್ರೆಯ ಮುಖ್ಯ ಕೆಲಸ. ಹೀಗೆ ಮೂರು ಕಡೆಯಿಂದ ಒತ್ತಾಸೆ ಪಡೆದು ನಿಂತ ಒಂದೇ ಒಂದು ಸಂಖ್ಯೆಯನ್ನು ನಾನು ಇಡೀ ತ್ರೈಮಾಸಿಕದ ಫಲಿತಾಂಶವೆಂದು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ತಿಂಡಿಯ ನಂತರದ ಎರಡು ಗಂಟೆ, ಸ್ಟಾಫ್ ರೂಮಿನ ಕಾಫಿ ಬಿಸ್ಕತ್ತಿನ ನಂತರದ ಗಂಟೆ, ಎರಡು ಮುದ್ದೆಯ ಮೇಲೆ ಅನ್ನ ಕಲಸಿಕೊಂಡ ಮಧ್ಯಾಹ್ನ, ಇವು ಯಾವುವೂ ಆ ಸಂಖ್ಯೆಯೊಳಗೆ ಇರಲಿಲ್ಲ. ಎಚ್ಚರವಾಗಿರುವ ಹೊತ್ತಿನ ಬಹುಪಾಲನ್ನು ನಾವು ಯಾವುದಾದರೊಂದು ಊಟದ ನಂತರದ ಗಂಟೆಗಳಲ್ಲೇ ಕಳೆಯುತ್ತೇವೆ ಎಂಬ ಸರಳ ಲೆಕ್ಕ ನನಗೆ ಹೊಳೆಯಲಿಲ್ಲ, ಅಥವಾ ಹೊಳೆಯುವುದು ಬೇಡವಾಗಿತ್ತು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನವೂ ಅದರ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟುತ್ತಲೇ ಇರುತ್ತದೆ, ಅದನ್ನು ಅಳೆದು ಕಳೆದ ಎರಡು ಮೂರು ತಿಂಗಳ ಸರಾಸರಿ ಹೇಳುವುದೇ ಎಚ್‌ಬಿಎ1ಸಿ. (ರಕ್ತಹೀನತೆ ಇದ್ದವರಲ್ಲಿ ಅದು ದಾರಿ ತಪ್ಪಿಸಬಹುದು, ವೈದ್ಯರಿಗೆ ತಿಳಿಸಿ.) ನಾನು ಐದೂವರೆ ವರ್ಷ ಆ ಸರಾಸರಿಯಿಂದ ತಲೆ ತಪ್ಪಿಸಿಕೊಂಡು ಓಡಾಡಿದೆ, ಆ ಐದೂವರೆ ವರ್ಷವೂ ತುಂಬು ಉತ್ಸಾಹದಲ್ಲಿದ್ದೆ. ನನ್ನ ಉತ್ಸಾಹವೆಲ್ಲ ಪರೀಕ್ಷೆಯ ಹಿಂದಿನ ಮೂರು ದಿನಕ್ಕೆ ಖರ್ಚಾಗುತ್ತಿತ್ತು, ಅಷ್ಟೇ.

2017ರ ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಿದ್ದೆ. ಎರಡನೆಯ ದಿನ ನಮ್ಮ ತಂಡದ ಉಪಮುಖ್ಯ ಮೌಲ್ಯಮಾಪಕರು ನನ್ನನ್ನು ಪಕ್ಕಕ್ಕೆ ಕರೆದು, ಮೂರು ಉತ್ತರಪತ್ರಿಕೆಗಳಲ್ಲಿ ಮೊತ್ತ ತಪ್ಪಾಗಿದೆಯೆಂದು ಮೆಲ್ಲಗೆ ಹೇಳಿದರು. ನಾನು 3 ಅನ್ನು 8 ಎಂದು ಓದಿದ್ದೆ. ಕೆಲವು ವಾರಗಳಿಂದ ಎಡಗಣ್ಣಿನ ಮುಂದೆ ನೊಣ ಹಾರಿದಂತೆ ಕಪ್ಪು ಎಳೆಗಳು ಓಡಾಡುತ್ತಿದ್ದವು, ಕನ್ನಡಕದ ನಂಬರು ಬದಲಾಗಿರಬೇಕೆಂದುಕೊಂಡಿದ್ದೆ. ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸುವ ಹನಿ ಹಾಕಿ ನೋಡಿದರು. ಅಕ್ಷಿಪಟದ, ಅಂದರೆ ಕಣ್ಣಿನ ಒಳಗಿನ ಹಿಂಬದಿಯ ಪರದೆಯ, ಸಣ್ಣ ರಕ್ತನಾಳಗಳು ಸೋರಿದ್ದವು. ಅವರೇ ಮಾಡಿಸಿದ ಎಚ್‌ಬಿಎ1ಸಿ 9.4. ಅದನ್ನು 28.7ರಿಂದ ಗುಣಿಸಿ 46.7 ಕಳೆದರೆ ಸರಾಸರಿ ಸಕ್ಕರೆ ಎಷ್ಟೆಂದು ಸಿಗುತ್ತದೆ ಎಂದು ಅಲ್ಲಿನ ಕಿರಿಯ ವೈದ್ಯರೊಬ್ಬರು ಹೇಳಿದರು, ನಾನು ಅಲ್ಲೇ ಚೀಟಿಯ ಹಿಂದೆ ಲೆಕ್ಕ ಹಾಕಿದೆ: 223. ಹಿಂದಿನ ತಿಂಗಳು ನಾನು ಹೆಮ್ಮೆಯಿಂದ ತೋರಿಸಿದ್ದ ಚೀಟಿಯಲ್ಲಿ 114 ಇತ್ತು.

ಲೇಸರ್ ಆಯಿತು, ಕಣ್ಣಿಗೇ ಕೊಡುವ ಇಂಜೆಕ್ಷನ್ನುಗಳೂ ಆದವು. ಎಡಗಣ್ಣಿನ ದೃಷ್ಟಿ ಪೂರ್ತಿ ಮರಳಲಿಲ್ಲ. ಇಂದಿಗೂ ಬಲಗಣ್ಣು ಮುಚ್ಚಿಕೊಂಡರೆ, ನಾನೇ ಸ್ಕೇಲಿಟ್ಟು ಎಳೆದ ಸರಳರೇಖೆ ನಡುವೆ ಬಾಗಿದಂತೆ ಕಾಣುತ್ತದೆ.

ಆಗಲೂ ನನ್ನ ಬುದ್ಧಿ ಎಲ್ಲಿಗೆ ಹೋಯಿತೆಂದರೆ, ಒಂದೇ ತಿಂಗಳಲ್ಲಿ ಎಲ್ಲವನ್ನೂ ಸರಿಮಾಡಿಬಿಡುತ್ತೇನೆ ಎಂದು ಎರಡು ಹೊತ್ತು ಊಟ ಬಿಡಲು ಹೊರಟೆ. ತಡೆದದ್ದು ಕಣ್ಣಿನ ವೈದ್ಯರೇ. ಬಹಳ ಕಾಲ ಏರಿದ್ದ ಸಕ್ಕರೆಯನ್ನು ತಟಕ್ಕನೆ ಇಳಿಸಿದರೆ ಈಗಾಗಲೇ ಕೆಟ್ಟಿರುವ ಅಕ್ಷಿಪಟ ಕೆಲಕಾಲ ಇನ್ನಷ್ಟು ಕೆಡುವ ಸಾಧ್ಯತೆ ಇದೆ, ನಿಧಾನವಾಗಿ ಇಳಿಸಿ ಎಂದರು. ಉತ್ಸಾಹವೂ ಅಪಾಯವಾಗಬಹುದು ಎಂದು ಒಬ್ಬ ವೈದ್ಯರ ಬಾಯಿಂದ ಕೇಳಿದ್ದು ಅದೇ ಮೊದಲು. 9.4 ಎಂಬುದು 8.6, 7.9 ಎಂದು ಇಳಿಯುತ್ತ 7.1ಕ್ಕೆ ಬರಲು ಒಂದು ವರ್ಷ ಹಿಡಿಯಿತು.

ಆ ವರ್ಷ ಬದಲಾದದ್ದು ಒಂದು ಸಣ್ಣ ವಿಷಯ. ಮನೆಗೆ ಬೆರಳು ಚುಚ್ಚಿ ಸಕ್ಕರೆ ನೋಡುವ ಗ್ಲುಕೋಮೀಟರ್ ಬಂದಿತು, ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸಂಖ್ಯೆ ಬರೆಯುವ ಕೆಲಸವನ್ನು ನನ್ನ ಹೆಂಡತಿ ವಹಿಸಿಕೊಂಡಳು. ಸ್ಟ್ರಿಪ್ಪುಗಳು ದುಬಾರಿಯಾದ್ದರಿಂದ ವಾರಕ್ಕೆ ಎರಡು ದಿನ ಮಾತ್ರ, ಒಂದು ವಾರ ತಿಂಡಿ, ಇನ್ನೊಂದು ವಾರ ಮಧ್ಯಾಹ್ನದ ಊಟ: ಊಟಕ್ಕೆ ಮುಂಚೆ ಒಂದು, ಎರಡು ಗಂಟೆಯ ಮೇಲೆ ಒಂದು. ನಾವಿಬ್ಬರೂ ಒಂದು ಕರಾರು ಮಾಡಿಕೊಂಡೆವು: ಸಂಖ್ಯೆ ಎಷ್ಟೇ ಬರಲಿ, ಅವಳು ಬೈಯಬಾರದು, ನಾನು ಕಾರಣ ಹೇಳಬಾರದು. ಯುಗಾದಿಯ ದಿನ ಎರಡು ಹೋಳಿಗೆ ತಿಂದು 241 ಬಂದಿತು. ಅವಳು 241 ಎಂದು ಬರೆದು ಒಲೆಯ ಕಡೆ ತಿರುಗಿದಳು. ತಪ್ಪು ಉತ್ತರವನ್ನು ರಬ್ಬರಿನಿಂದ ಅಳಿಸಬೇಡಿ, ಒಂದು ಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆಯಿರಿ, ಎಲ್ಲಿ ತಪ್ಪಿತೆಂದು ನನಗೂ ಕಾಣಲಿ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದ ಮಾತು ನನಗೇ ಅನ್ವಯವಾಗಲು ಐವತ್ತಮೂರು ವರ್ಷ ಬೇಕಾಯಿತು.

ಹಾಗೆ ಬರೆಯುತ್ತ ಹೋದಾಗ ಕೆಲವು ಸಂಗತಿಗಳು ತಾವಾಗಿಯೇ ಗೊತ್ತಾದವು. ನಮ್ಮ ಕಡೆ ರಾಗಿಯೆಂದರೆ ಸಕ್ಕರೆ ಕಾಯಿಲೆಗೆ ಔಷಧಿಯೇ ಎಂಬ ನಂಬಿಕೆ ಇದೆ. ರಾಗಿಯಲ್ಲಿ ನಾರು, ಸುಣ್ಣದಂಶ ಹೇರಳವಾಗಿವೆ, ನಿಜ; ಆದರೆ ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೇ ಇರುತ್ತದೆ. ಎರಡು ದೊಡ್ಡ ಮುದ್ದೆಗೆ ನನ್ನ ಮೀಟರು 220ರ ಆಸುಪಾಸು ತೋರಿಸಿತು. ಸಕ್ಕರೆ ಹಾಕದ ನುಣ್ಣನೆಯ ರಾಗಿ ಗಂಜಿಯೂ ನನಗೆ ಆಗಿಬರಲಿಲ್ಲ. ಮೊದಲು ಒಂದು ಬಟ್ಟಲು ಸೊಪ್ಪಿನ ಪಲ್ಯವನ್ನೋ ಹೆಸರುಬೇಳೆ ಕೋಸಂಬರಿಯನ್ನೋ ತಿಂದು, ಆಮೇಲೆ ಒಂದೇ ಚಿಕ್ಕ ಮುದ್ದೆಯನ್ನು ಹುರುಳಿಕಾಳಿನ ಬಸ್ಸಾರಿನಲ್ಲಿ ಉಂಡರೆ ಅದು 160ರ ಒಳಗೆ ನಿಲ್ಲುತ್ತಿತ್ತು. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ನಡೆದರೆ ಇನ್ನೂ ಇಳಿಯುತ್ತಿತ್ತು, ಏಕೆಂದರೆ ಕೆಲಸ ಮಾಡುತ್ತಿರುವ ಕಾಲಿನ ಸ್ನಾಯುಗಳು ಆಗ ತಾನೇ ರಕ್ತಕ್ಕೆ ಬಂದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಕೆರೆ ಏರಿಯ ಐದು ಕಿಲೋಮೀಟರಿಗೆ ಬೂಟು ಬೇಕು, ಬೆಳಕು ಬೇಕು, ಮನಸ್ಸು ಬೇಕು. ಹಜಾರದಲ್ಲಿ ವಾರ್ತೆ ಕೇಳುತ್ತ ಹದಿನೈದು ನಿಮಿಷ ಹಿಂದೆ ಮುಂದೆ ಓಡಾಡಲು ಏನೂ ಬೇಡ. ಎಂಟು ವರ್ಷದಿಂದ ನಿಲ್ಲದೆ ನಡೆದಿರುವುದು ಈ ಹಜಾರದ ನಡಿಗೆ ಮಾತ್ರ.

ಮೀಟರಿನ ಸಂಖ್ಯೆ ಶೇಕಡಾ 15ರಷ್ಟು ಆಚೀಚೆ ಇರಬಹುದೆಂಬುದನ್ನು ನೆನಪಿಡಿ. 150 ಬಂದರೆ ಹಿಗ್ಗುವುದು, 162 ಬಂದರೆ ಕುಗ್ಗುವುದು ಅರ್ಥವಿಲ್ಲದ ಕೆಲಸ.

ನೀವು ಜಿಮ್ಮೋ ಆ್ಯಪೋ ತೂಕ ಇಳಿಸುವ ವಾರಕ್ಕೊಮ್ಮೆಯ ಚುಚ್ಚುಮದ್ದೋ ಎಂದು ಕೇಳಿದ್ದೀರಿ. ಜಿಮ್ಮು ಒಳ್ಳೆಯದೇ, ಮೂರು ವಾರಕ್ಕೆ ಬಿಡುವವರಿಗೆ ವರ್ಷದ ಶುಲ್ಕ ನಷ್ಟ. ಆ್ಯಪಿನ ವಿಷಯದಲ್ಲಿ ನನಗೆ ಪೂರ್ವಗ್ರಹವಿದೆ, ಅದರ ಸಂಖ್ಯೆ ನನ್ನ ಜೇಬಿನೊಳಗೆ ಅಡಗಿರುತ್ತದೆ; ಕ್ಯಾಲೆಂಡರಿನದು ಮನೆಗೆ ಬಂದ ಬೀಗರಿಗೂ ಕಾಣುತ್ತದೆ. ಚುಚ್ಚುಮದ್ದು ನಿಮಗೆ ಬೇಕೋ ಬೇಡವೋ ಎಂಬುದು ವೈದ್ಯರು ಹೇಳಬೇಕಾದ ಮಾತು, ಆದರೆ ಸಕ್ಕರೆ ತಟಕ್ಕನೆ ಇಳಿದರೆ ಕಣ್ಣಿಗೆ ಅಪಾಯ ಎಂದೆನಲ್ಲ, ಅದಕ್ಕೇ ಮೊದಲು ಪಾಪೆ ಹಿಗ್ಗಿಸಿ ಅಕ್ಷಿಪಟ ತೋರಿಸಿಕೊಳ್ಳಿ. ಇನ್ನೊಂದು ಎಚ್ಚರಿಕೆ: ನಿಮ್ಮ ಚೀಟಿಯಲ್ಲಿ ಗ್ಲಿಮೆಪಿರೈಡ್ ಎಂಬ ಸಕ್ಕರೆ ಇಳಿಸುವ ಮಾತ್ರೆ ಇದ್ದರೆ ಹೇಳದೆ ಕೇಳದೆ ಊಟ ಬಿಡಬೇಡಿ. ಶ್ರಾವಣ ಶನಿವಾರದ ಉಪವಾಸದಲ್ಲಿ ಆ ಮಾತ್ರೆ ನುಂಗಿ ಪ್ರಾರ್ಥನೆಯ ಸಾಲಿನಲ್ಲೇ ಬೆವರಿ ನಡುಗಿದವನು ನಾನು. ಆಗ ಸಕ್ಕರೆ 58ಕ್ಕೆ ಇಳಿದಿತ್ತು, ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಿ ಸಹೋದ್ಯೋಗಿಗಳು ಕೂರಿಸಿದರು.

ತೂಕ 15 ಕೆ.ಜಿ. ಇಳಿಸಿದರೆ ಕಾಯಿಲೆಯೇ ಹೋಗುತ್ತದೆಯೇ ಎಂದೂ ಕೇಳಿದ್ದೀರಿ. ಅದು ಪೂರ್ತಿ ಗಾಳಿಮಾತಲ್ಲ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಡೈರೆಕ್ಟ್ ಎಂಬ ಪ್ರಯೋಗದಲ್ಲಿ, ಕಾಯಿಲೆ ಬಂದು ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದವರನ್ನು ಮೇಲ್ವಿಚಾರಣೆಯಲ್ಲಿ ಕಟ್ಟುನಿಟ್ಟಾಗಿ ತೂಕ ಇಳಿಸಿದಾಗ, ಒಂದು ವರ್ಷದ ಹೊತ್ತಿಗೆ ಶೇಕಡಾ 46 ಜನರ ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಯಲ್ಲಿತ್ತು; ಎರಡನೆಯ ವರ್ಷಕ್ಕೆ ಅದು ಶೇಕಡಾ 36ಕ್ಕೆ ಇಳಿಯಿತು. ನಿಮಗೆ ಎರಡೇ ವರ್ಷವಾಗಿದೆ, ಆ ಬಾಗಿಲು ನಿಮಗೆ ಇನ್ನೂ ತೆರೆದಿರಬಹುದು, ವೈದ್ಯರ ಜೊತೆ ಮಾತನಾಡಿ. ನನ್ನ ಆರು ವರ್ಷ ಲ್ಯಾಬಿಗೆ ಹೋಗುವ ಮುಂಚಿನ ಮೂರು ದಿನಗಳಲ್ಲಿ ಕಳೆದುಹೋದವು. ನನ್ನ ತೂಕ 79ಕ್ಕೆ ಬಂದು ನಿಂತಿದೆ, ಅದರಿಂದ ಕೆಳಗೆ ಇಳಿದಿಲ್ಲ, ಮೇಲೂ ಏರಿಲ್ಲ.

ಈಗ ನೀವು ಎಂಟನೆಯ ಸಲ ಶುರು ಮಾಡಬೇಡಿ. ಬರುವ ಸೋಮವಾರ ಎಂದಿನಂತೆ ತಿಂಡಿ ತಿನ್ನಿ, ಏನನ್ನೂ ಕಡಿಮೆ ಮಾಡದೆ, ಎರಡು ಗಂಟೆಯ ಮೇಲೆ ಬೆರಳು ಚುಚ್ಚಿ ನೋಡಿ, ಬಂದದ್ದನ್ನು ಮನೆಯವರಿಗೆ ಕಾಣುವಂತೆ ಬರೆದಿಡಿ. ನಮ್ಮ ಕ್ಯಾಲೆಂಡರಿನ ಮೊದಲ ಸಂಖ್ಯೆ 263, ಪಕ್ಕದಲ್ಲಿ ನನ್ನ ಹೆಂಡತಿಯ ದುಂಡಗಿನ ಅಕ್ಷರದಲ್ಲಿ "ತಟ್ಟೆ ಇಡ್ಲಿ, ಎರಡು" ಎಂದಿದೆ.