ಕೇಂದ್ರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಕೆಲಸವೇನು? ಕಸ್ಟಮ್ಸ್ ಕೂಡ ಅದರದ್ದೇನಾ?

ಕಸ್ಟಮ್ಸ್ ಅದರದ್ದಲ್ಲ. ಯಾವ ಸರಕು ದೇಶದಿಂದ ಹೊರಹೋಗಬಹುದು, ಯಾವುದು ಒಳಬರಬಹುದು, ಯಾವ ಷರತ್ತಿನ ಮೇಲೆ ಎಂದು ತೀರ್ಮಾನಿಸುವುದು ಈ ಸಚಿವಾಲಯ. ಸುಂಕ ವಸೂಲಿ ಮಾಡಿ ಬಂದರಿನಲ್ಲಿ ತಪಾಸಣೆ ನಡೆಸುವ ಕಸ್ಟಮ್ಸ್ ಹಣಕಾಸು ಸಚಿವಾಲಯಕ್ಕೆ ಸೇರಿದ್ದು.

ಈ ಅಧಿಕಾರದ ಮೂಲ 1992ರ ವಿದೇಶಿ ವ್ಯಾಪಾರ ಕಾಯ್ದೆ. ಅದರಡಿ ಈ ಸಚಿವಾಲಯದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಅಧಿಸೂಚನೆ ಹೊರಡಿಸುತ್ತದೆ. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತಿಗೆ ತಡೆ ಬಿದ್ದದ್ದು ಇಂಥದೇ ಒಂದು ಅಧಿಸೂಚನೆಯಿಂದ. ಬಂದರಿನಲ್ಲಿ ಅದನ್ನು ಜಾರಿಗೆ ತಂದದ್ದು ಕಸ್ಟಮ್ಸ್.

ರಫ್ತು ವ್ಯಾಪಾರಕ್ಕೆ ಇಳಿಯುವವರು ಮೊದಲು ಡಿಜಿಎಫ್‌ಟಿ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಐಇಸಿ, ಅಂದರೆ ಆಮದು-ರಫ್ತು ಸಂಖ್ಯೆ ಪಡೆಯಬೇಕು. ಈಗ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆಯೂ ಹೌದು. ಹೊಸಬರು ಎಡವುವುದು ಆಮೇಲೆ: ವಿಳಾಸ, ಬ್ಯಾಂಕ್ ಖಾತೆ ಏನೂ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ಆನ್‌ಲೈನ್‌ನಲ್ಲಿ ದೃಢಪಡಿಸಲೇಬೇಕು. ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ, ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ಸಲ್ಲಿಸಲಾಗದೆ ಸರಕು ನಿಂತಲ್ಲೇ ನಿಲ್ಲುತ್ತದೆ. ದೃಢಪಡಿಸಿದ ಮೇಲೆ ಮತ್ತೆ ಚಾಲೂ ಆಗುತ್ತದೆ.

ಕೈಗಾರಿಕೆಯ ಭಾಗ ಸಚಿವಾಲಯದ ಡಿಪಿಐಐಟಿ, ಅಂದರೆ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯದು: ವಿದೇಶಿ ನೇರ ಹೂಡಿಕೆ ನೀತಿ, ಪೇಟೆಂಟ್, ಮೈಸೂರು ರೇಷ್ಮೆಯಂಥವುಗಳ ಜಿಐ (ಭೌಗೋಳಿಕ ಸೂಚಕ) ನೋಂದಣಿ. ಬೆಂಗಳೂರಿನ ಕಾಫಿ ಮಂಡಳಿಯೂ ಕೃಷಿ ಸಚಿವಾಲಯದ್ದಲ್ಲ, ಈ ಸಚಿವಾಲಯದ ವಾಣಿಜ್ಯ ಇಲಾಖೆಯದೇ.